ಶ್ರವಣ ಸಾಧನಕ್ಕಿಂತ ಮೊದಲು ಆಡಿಯಾಲಜಿಸ್ಟರನ್ನು ಆರಿಸಿ

ಶ್ರವಣ ಸಾಧನ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿಯದು ಒಳ್ಳೆಯದು?’ ಎಂದು. ಆಮೇಲೆ ‘ಎಷ್ಟಾಗುತ್ತದೆ?’ ಎಂದು. ‘ಅದನ್ನು ನನ್ನ ಕಿವಿಗೆ ಹೊಂದಿಸುವವರು ಯಾರು, ಹೇಗೆ ಹೊಂದಿಸುತ್ತಾರೆ?’ ಎಂದು ಕೇಳುವವರು ಬಹಳ ಕಡಿಮೆ. ಹಣ ಸಾರ್ಥಕವಾಗುವುದೂ ಹಾಳಾಗುವುದೂ ಈ ಮೂರನೆಯ ಪ್ರಶ್ನೆಯ ಮೇಲೆಯೇ. ದುಬಾರಿ ಸಾಧನವನ್ನು ತಪ್ಪಾಗಿ ಹೊಂದಿಸಿದರೆ ಅದು ಎರಡು ವಾರ ಕಿವಿಯಲ್ಲಿದ್ದು, ಉಳಿದ ಆಯುಷ್ಯವನ್ನು ಮೇಜಿನ ಖಾನೆಯಲ್ಲಿ ಕಳೆಯುತ್ತದೆ. ಸಾಧಾರಣ ಬೆಲೆಯದನ್ನು ಸರಿಯಾಗಿ ಹೊಂದಿಸಿಕೊಟ್ಟರೆ, ಬೆಳಿಗ್ಗೆ ಹಾಕಿಕೊಂಡದ್ದನ್ನು ಜನ ರಾತ್ರಿ ಮಲಗುವಾಗಲೇ ತೆಗೆಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷವಿದೆ. ಅವರಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ಸಾಧನದ ನೆರವು ಬೇಕೇ ಬೇಕು. ಸಾಧನದಿಂದ ಪ್ರಯೋಜನ ಪಡೆಯಬಹುದಾದವರಲ್ಲಿ ನಿಜಕ್ಕೂ ಬಳಸುತ್ತಿರುವವರು ಶೇ 17ರಷ್ಟು ಮಾತ್ರ. ಬೆಲೆ ಇದಕ್ಕೊಂದು ದೊಡ್ಡ ಕಾರಣ, ಆದರೆ ಅದೊಂದೇ ಅಲ್ಲ. ಉಚಿತವಾಗಿ ಸಿಕ್ಕ ಸಾಧನವನ್ನೂ ಕಿವಿಗೆ ಹಾಕದೆ ಬಿಟ್ಟವರು ಎಲ್ಲ ಕಡೆಯೂ ಇದ್ದಾರೆ.

ಕೇಳಿಸುತ್ತದೆ, ತಿಳಿಯುವುದಿಲ್ಲ

‘ಮಾತಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ.’ ವಯಸ್ಸಾಗಿ ಕಿವಿ ಮಂದವಾದವರು ಹೇಳುವ ಈ ಮಾತನ್ನು ಮನೆಯವರು ನೆಪವೆಂದೋ ಅಲಕ್ಷ್ಯವೆಂದೋ ತಿಳಿಯುವುದುಂಟು. ವಾಸ್ತವದಲ್ಲಿ ಕಿವಿಯೊಳಗೆ ಏನಾಗಿದೆ ಎಂಬುದನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ.

ಒಳಕಿವಿಯಲ್ಲಿ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗಿನ ರೋಮಕೋಶಗಳು ಧ್ವನಿಯ ಕಂಪನವನ್ನು ನರದ ಸಂಕೇತವಾಗಿ ಬದಲಿಸುತ್ತವೆ. ಸುರುಳಿಯ ಬುಡದ ಕೋಶಗಳು ತಾರಸ್ಥಾಯಿಯ ಧ್ವನಿಗೆ, ತುದಿಯವು ಮಂದ್ರಸ್ಥಾಯಿಯ ಧ್ವನಿಗೆ ಮೀಸಲು. ವಯಸ್ಸು, ವರ್ಷಗಟ್ಟಲೆ ಸಹಿಸಿದ ಗದ್ದಲ, ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್‌ನಂತಹ ಕೆಲವು ಔಷಧಗಳು ಮೊದಲು ಕೆಡಿಸುವುದು ಬುಡದ ಕೋಶಗಳನ್ನು. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಆವರ್ತನಗಳಲ್ಲಿ, ಅಂದರೆ ಮಂದ್ರಸ್ಥಾಯಿಯಲ್ಲಿ, ಇದ್ದರೆ ಸಕಾರ ಶಕಾರಗಳಂತಹ ವ್ಯಂಜನಗಳ ಗುರುತು ಮೇಲಿನ ಆವರ್ತನಗಳಲ್ಲಿದೆ. ಹೀಗಾಗಿ ಮಾತಿನ ಸದ್ದು ಬಂದು ತಲುಪುತ್ತದೆ. ಹೇಳಿದ್ದು ‘ಕಾಲು’ ಎಂದೋ ‘ಸಾಲು’ ಎಂದೋ ‘ಪಾಲು’ ಎಂದೋ ತಿಳಿಯದು.

ಇನ್ನೊಂದು ತೊಡಕೂ ಇದೆ. ಮೆಲುದನಿ ಕೇಳಿಸದ ಇದೇ ಕಿವಿಗೆ ಜೋರಾದ ಸದ್ದು ಎಲ್ಲರಿಗೆ ಕೇಳಿಸಿದಷ್ಟೇ ಜೋರಾಗಿ ಕೇಳಿಸುತ್ತದೆ. ‘ಸ್ವಲ್ಪ ಜೋರಾಗಿ ಹೇಳು’ ಎಂದವರೇ ಮರುಕ್ಷಣ ‘ಯಾಕೆ ಹಾಗೆ ಕಿರುಚುತ್ತೀಯ?’ ಎಂದು ಗದರುವುದು ಇದಕ್ಕೇ. ಆದ್ದರಿಂದ ಒಳ್ಳೆಯ ಸಾಧನ ಎಲ್ಲವನ್ನೂ ಒಂದೇ ಸಮ ಏರಿಸುವುದಿಲ್ಲ. ಮೆಲುದನಿಯನ್ನು ಹೆಚ್ಚು ಏರಿಸಿ, ಜೋರುದನಿಯನ್ನು ಹೆಚ್ಚುಕಡಿಮೆ ಇದ್ದಂತೆಯೇ ಬಿಡುತ್ತದೆ. ಅದನ್ನೂ ಪ್ರತಿ ಆವರ್ತನಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಮಾಡುತ್ತದೆ. ಈ ಪ್ರಮಾಣ ಕಿವಿಯಿಂದ ಕಿವಿಗೆ ಬೇರೆ. ಅದನ್ನು ಕಂಡುಹಿಡಿದು ಸಾಧನದೊಳಗೆ ಇಳಿಸುವುದೇ ಶ್ರವಣಶಾಸ್ತ್ರ ಕಲಿತ ಆಡಿಯಾಲಜಿಸ್ಟರ ಮುಖ್ಯ ಕೆಲಸ.

ಯಾರ ಬಳಿ ಹೋಗಬೇಕು?

ಕಿವಿ ಮೂಗು ಗಂಟಲಿನ ತಜ್ಞರು ವೈದ್ಯರು: ರೋಗ ಪತ್ತೆ, ಔಷಧ, ಶಸ್ತ್ರಚಿಕಿತ್ಸೆ ಅವರದು. ಆಡಿಯಾಲಜಿಸ್ಟ್ ಎಂದರೆ ಶ್ರವಣಶಾಸ್ತ್ರದಲ್ಲಿ ಪದವಿ ಪಡೆದವರು: ಕೇಳುವ ಶಕ್ತಿಯನ್ನು ಅಳೆಯುವುದು, ಸಾಧನ ಹೊಂದಿಸುವುದು, ಆಮೇಲಿನ ಪುನರ್ವಸತಿ ಇವರ ಕ್ಷೇತ್ರ. ಮೂರನೆಯವರು ಸಾಧನದ ಮಾರಾಟಗಾರರು. ಇವರಲ್ಲೂ ಒಳ್ಳೆಯ ತರಬೇತಿ ಪಡೆದವರಿದ್ದಾರೆ, ಆದರೆ ಬಿಳಿ ಕೋಟು ಹಾಕಿಕೊಂಡವರೆಲ್ಲ ಆಡಿಯಾಲಜಿಸ್ಟರಲ್ಲ. ಯಾವ ಪದವಿ, ಯಾವ ಮಂಡಳಿಯಲ್ಲಿ ನೋಂದಣಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಸರಿಯಾದವರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಮಾತ್ರ ವೈದ್ಯರನ್ನೇ ಮೊದಲು ಕಾಣಬೇಕು. ಒಂದು ಕಿವಿ ಮಾತ್ರ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ ಅಥವಾ ನೋಯುತ್ತಿದ್ದರೆ, ತಲೆ ತಿರುಗುತ್ತಿದ್ದರೆ, ನಾಡಿಬಡಿತದ ಲಯದಲ್ಲೇ ಕಿವಿಯಲ್ಲಿ ಸದ್ದು ಬರುತ್ತಿದ್ದರೆ ಸಾಧನದ ಮಾತು ಆಮೇಲೆ. ಎಲ್ಲಕ್ಕಿಂತ ತುರ್ತಿನದು, ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೆ ಹೋಗುವುದು. ಬೆಳಿಗ್ಗೆ ಏಳುವಾಗ ಕಿವಿ ಕಟ್ಟಿದಂತಿದೆ, ಶೀತವಿರಬೇಕು, ತಾನಾಗಿಯೇ ಬಿಡುತ್ತದೆ ಎಂದು ಜನ ದಿನ ದೂಡುತ್ತಾರೆ. ಅದು ಒಳಕಿವಿಯ ಹಠಾತ್ ಶ್ರವಣನಷ್ಟವಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಕೆಲಸ ಮಾಡುವ ಅವಕಾಶ ಮೊದಲ ಎರಡು ವಾರಗಳಲ್ಲೇ ಹೆಚ್ಚು. ಮೊದಲ ದಿನಗಳಲ್ಲಿ ಇನ್ನೂ ಹೆಚ್ಚು. ಅಂದೇ ಅಥವಾ ಮರುದಿನವೇ ಹೋಗಬೇಕಾದ ವಿಷಯವಿದು.

ಕಿವಿಯಲ್ಲಿ ಗುಗ್ಗೆ ತುಂಬಿದ್ದೇ ಮಂದ ಕಿವಿಗೆ ಕಾರಣವಾಗಿರುವುದೂ ಉಂಟು. ಕಿವಿಯೊಳಗೆ ಬೆಳಕು ಬಿಟ್ಟು ನೋಡದೆ ನೇರವಾಗಿ ಸಾಧನದ ಪಟ್ಟಿ ಮುಂದಿಡುವ ಜಾಗದಿಂದ ಎದ್ದು ಬರುವುದು ಒಳಿತು.

ಪರೀಕ್ಷೆ ಎಂದರೆ ಏನೇನು?

ಸದ್ದು ಒಳಬಾರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸಣ್ಣ ಸಣ್ಣ ನಾದಗಳನ್ನು ಕೇಳಿಸಿ, ಕೇಳಿದಾಗಲೆಲ್ಲ ಗುಂಡಿ ಒತ್ತಿಸುತ್ತಾರೆ. ಸಾಮಾನ್ಯವಾಗಿ 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ, ಪ್ರತಿ ಆವರ್ತನದಲ್ಲೂ ನಿಮಗೆ ಕೇಳಿಸುವ ಅತಿ ಮೆಲ್ಲನೆಯ ಮಟ್ಟವನ್ನು ಗುರುತಿಸುತ್ತಾರೆ. ಹೀಗೆ ಬರುವ ನಕ್ಷೆಯೇ ಆಡಿಯೋಗ್ರಾಂ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಗೆರೆ ಕೆಳಕ್ಕೆ ಇಳಿದಷ್ಟೂ ದೋಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವಿಂಗಡಣೆಯಲ್ಲಿ ಈ ಮಟ್ಟದ ಸರಾಸರಿ 20 ಡೆಸಿಬೆಲ್‌ಗಿಂತ (ಡೆಸಿಬೆಲ್ ಎಂದರೆ ಸದ್ದಿನ ಜೋರಿನ ಅಳತೆ) ಕಡಿಮೆ ಇದ್ದರೆ ಸಹಜ, 20ರಿಂದ 35ರೊಳಗೆ ಸೌಮ್ಯ, 35ರಿಂದ 50ರೊಳಗೆ ಮಧ್ಯಮ. ಅಲ್ಲಿಂದ ಮುಂದೆ ಪ್ರತಿ 15 ಡೆಸಿಬೆಲ್‌ಗೆ ಒಂದೊಂದು ಹಂತ ಏರುತ್ತದೆ. ‘ನಿಮ್ಮ ಕಿವಿ ಶೇ 40ರಷ್ಟು ಹೋಗಿದೆ’ ಎಂದು ಯಾರಾದರೂ ಹೇಳಿದರೆ ಅದು 40 ಡೆಸಿಬೆಲ್ ಎಂಬುದರ ಅಡ್ಡ ಅನುವಾದವಾಗಿರುವ ಸಾಧ್ಯತೆಯೇ ಹೆಚ್ಚು. ಡೆಸಿಬೆಲ್ ಶೇಕಡಾವಾರು ಲೆಕ್ಕವಲ್ಲ.

ಹೆಡ್‌ಫೋನ್ ಪರೀಕ್ಷೆಯೊಂದೇ ಸಾಲದು. ಕಿವಿಯ ಹಿಂದಿನ ಎಲುಬಿಗೆ ಕಂಪಕವನ್ನು ಒತ್ತಿಟ್ಟು ಅದೇ ನಾದಗಳನ್ನು ಮತ್ತೆ ಕೇಳಿಸಬೇಕು. ಹೊರಕಿವಿ, ನಡುಕಿವಿಗಳನ್ನು ಬಿಟ್ಟು ನೇರವಾಗಿ ಒಳಕಿವಿಗೆ ಹೋಗುವ ಈ ದಾರಿಯಲ್ಲಿ ಚೆನ್ನಾಗಿ ಕೇಳಿಸಿ ಹೆಡ್‌ಫೋನ್‌ನಲ್ಲಿ ಕೇಳಿಸದಿದ್ದರೆ ತೊಂದರೆ ಇರುವುದು ಗುಗ್ಗೆ, ಕಿವಿತಮಟೆ ಅಥವಾ ನಡುಕಿವಿಯ ಪುಟ್ಟ ಮೂಳೆಗಳಲ್ಲಿ ಎಂದರ್ಥ. ಅದಕ್ಕೆ ಹಲವು ಸಲ ಚಿಕಿತ್ಸೆಯೇ ಇದೆ, ಸಾಧನ ಬೇಕಾಗುವುದಿಲ್ಲ. ಈ ಹೋಲಿಕೆ ಮಾಡದೆ ಸಾಧನ ಮಾರಿದರೆ ವಾಸಿಯಾಗಬಹುದಾದ ಕಿವಿಗೆ ಯಂತ್ರ ಹಾಕಿದಂತಾಗುತ್ತದೆ. ಕಿವಿತಮಟೆಯ ಚಲನೆಯನ್ನು ಗಾಳಿಯ ಒತ್ತಡದಿಂದ ನೋಡುವ ಟಿಂಪನೋಮೆಟ್ರಿ ಈ ಚಿತ್ರವನ್ನು ಪೂರ್ಣಗೊಳಿಸುತ್ತದೆ.

ಮಾತಿನ ಪರೀಕ್ಷೆಯೂ ಬೇಕು: ಪದಗಳನ್ನು ಕೇಳಿಸಿ ಎಷ್ಟನ್ನು ಸರಿಯಾಗಿ ಮರಳಿ ಹೇಳುತ್ತೀರಿ ಎಂದು ಎಣಿಸುವುದು. ಸಾಧ್ಯವಾದರೆ ಹಿನ್ನೆಲೆಯಲ್ಲಿ ಗದ್ದಲವಿಟ್ಟೂ ಎಣಿಸಬೇಕು, ಜನ ದೂರುವುದು ಗದ್ದಲದಲ್ಲಿ ಮಾತು ತಿಳಿಯದ ಬಗ್ಗೆಯೇ ತಾನೆ? ಆಡಿಯೋಗ್ರಾಂ ಒಂದೇ ತೆರನಿದ್ದ ಇಬ್ಬರು ಈ ಪರೀಕ್ಷೆಯಲ್ಲಿ ತೀರ ಬೇರೆಯಾಗಿ ನಿಲ್ಲಬಹುದು. ಎಷ್ಟು ಜೋರಾಗಿ ಕೇಳಿಸಿದರೂ ಪದಗಳು ಹಿಡಿತಕ್ಕೆ ಸಿಗದ ಮಟ್ಟಕ್ಕೆ ಹೋಗಿದ್ದರೆ ಸಾಧನಕ್ಕಿಂತ, ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಕೂರಿಸಿ ನರಕ್ಕೆ ನೇರವಾಗಿ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ವಿಚಾರಿಸಬೇಕಾಗುತ್ತದೆ. ಪ್ರಾಮಾಣಿಕ ಆಡಿಯಾಲಜಿಸ್ಟ್ ಅದನ್ನು ಮುಚ್ಚಿಡದೆ ಹೇಳುತ್ತಾರೆ.

ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದು ನಿಮ್ಮದು. ಸಾಧನ ಕೊಂಡರೆ ಮಾತ್ರ ಕೊಡುತ್ತೇವೆ ಎನ್ನುವವರ ಬಳಿ ಸಾಧನ ಕೊಳ್ಳಬೇಕಾಗಿಲ್ಲ.

ಹೊಂದಿಸುವ ಕೆಲಸ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಭಾಗ ಇದು.

ಆಡಿಯೋಗ್ರಾಂ ಅನ್ನು ಕಂಪ್ಯೂಟರಿಗೆ ಕೊಟ್ಟರೆ ತಯಾರಕರ ತಂತ್ರಾಂಶ ತಾನೇ ಒಂದು ಅಂದಾಜು ಹೊಂದಾಣಿಕೆ ಮಾಡಿಬಿಡುತ್ತದೆ. ನಿಮಿಷಗಳಲ್ಲಿ ಮುಗಿಯುವ ಕೆಲಸ. ಎಷ್ಟೋ ಕಡೆ ಇಷ್ಟಕ್ಕೇ ನಿಲ್ಲಿಸಿ, ‘ಹೇಗಿದೆ? ಕೇಳಿಸುತ್ತಿದೆಯಾ?’ ಎಂದು ಕೇಳಿ ಬಿಲ್ ಬರೆಯುತ್ತಾರೆ. ಆ ಅಂದಾಜು ಸರಾಸರಿ ಕಿವಿಯದು. ಕಿವಿಯ ಕಾಲುವೆಯ ಉದ್ದ, ಅಗಲ, ತಿರುವುಗಳು ಪ್ರತಿಯೊಬ್ಬರಲ್ಲೂ ಬೇರೆ. ಅದರಂತೆ ಕಿವಿತಮಟೆಯ ಬಳಿ ಮುಟ್ಟುವ ಧ್ವನಿಯ ಮಟ್ಟವೂ ಬೇರೆ. ತಂತ್ರಾಂಶ ಕೊಟ್ಟೆನೆಂದುಕೊಂಡದ್ದಕ್ಕೂ ನಿಜವಾಗಿ ಮುಟ್ಟಿದ್ದಕ್ಕೂ 10 ಡೆಸಿಬೆಲ್ ವ್ಯತ್ಯಾಸ ಬರುವುದು ಅಪರೂಪವಲ್ಲ, ಅದರಲ್ಲೂ ವ್ಯಂಜನಗಳಿಗೆ ಬೇಕಾದ ಮೇಲಿನ ಆವರ್ತನಗಳಲ್ಲೇ.

ಇದನ್ನು ತಿಳಿಯಲು ಇರುವ ದಾರಿ ಕಿವಿಯೊಳಗೇ ಅಳೆಯುವುದು. ಇದಕ್ಕೆ ರಿಯಲ್ ಇಯರ್ ಮಾಪನ ಎಂದು ಹೆಸರು. ನಿಮ್ಮನ್ನು ಒಂದು ಸ್ಪೀಕರಿನ ಎದುರು ಕೂರಿಸುತ್ತಾರೆ. ದಾರದಷ್ಟು ತೆಳುವಾದ ಸಿಲಿಕೋನ್ ನಳಿಕೆಯನ್ನು ಕಿವಿಯೊಳಕ್ಕೆ ಇಳಿಸಿ, ಅದರ ತುದಿ ಕಿವಿತಮಟೆಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ನಿಲ್ಲುವಂತೆ ಮಾಡುತ್ತಾರೆ. ಸ್ವಲ್ಪ ಕಚಗುಳಿ ಎನಿಸಬಹುದು, ನೋವಿಲ್ಲ. ಅದರ ಪಕ್ಕದಲ್ಲೇ ಶ್ರವಣ ಸಾಧನವನ್ನು ಕೂರಿಸುತ್ತಾರೆ. ಸ್ಪೀಕರಿನಿಂದ ಮಾತು ಬರುತ್ತದೆ: ಮೊದಲು ಮೆಲ್ಲಗೆ, ಆಮೇಲೆ ಸಾಧಾರಣ ದನಿಯಲ್ಲಿ, ಆಮೇಲೆ ಜೋರಾಗಿ. ನಳಿಕೆ ಹಿಡಿದ ಧ್ವನಿ ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಅದರ ಜೊತೆಗೇ ಗುರಿಯ ಗೆರೆಯೂ ಇರುತ್ತದೆ. ಈ ಗುರಿಯನ್ನು ಕೊಡುವುದು ಸಂಶೋಧನೆಯಿಂದ ಬಂದ ಸೂತ್ರಗಳು: ವಯಸ್ಕರಿಗೆ ಬಹುವಾಗಿ ಬಳಸುವುದು ಆಸ್ಟ್ರೇಲಿಯಾದ ರಾಷ್ಟ್ರೀಯ ಧ್ವನಿವಿಜ್ಞಾನ ಪ್ರಯೋಗಾಲಯ ರೂಪಿಸಿದ ಸೂತ್ರವನ್ನು, ಮಕ್ಕಳಿಗೆ ಕೆನಡಾದಲ್ಲಿ ರೂಪುಗೊಂಡ ಇನ್ನೊಂದನ್ನು. ಎರಡೂ ಗೆರೆ ಒಂದರ ಮೇಲೊಂದು ಬರುವವರೆಗೆ ಆಡಿಯಾಲಜಿಸ್ಟ್ ಆವರ್ತನಗಳನ್ನು ಒಂದೊಂದಾಗಿ ಏರಿಸಿ ಇಳಿಸುತ್ತಾರೆ. ಕೊನೆಗೆ ಅತಿ ಜೋರಾದ ಸದ್ದು ಬಿಟ್ಟು, ಸಾಧನ ನಿಮ್ಮ ಸಹನೆಯ ಮಿತಿ ದಾಟುವುದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ.

ಫೋನಿನಲ್ಲಿ ಸಮಯ ಗೊತ್ತುಮಾಡುವಾಗಲೇ ‘ನೀವು ರಿಯಲ್ ಇಯರ್ ಮಾಪನ ಮಾಡುತ್ತೀರಾ, ಎಲ್ಲರಿಗೂ ಮಾಡುತ್ತೀರಾ?’ ಎಂದು ಕೇಳಬಹುದು. ನನ್ನನ್ನು ಕೇಳಿದರೆ ಆಡಿಯಾಲಜಿಸ್ಟರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಇನ್ನೊಂದು ಪ್ರಶ್ನೆ ಇಲ್ಲ. ಉಪಕರಣ ದುಬಾರಿಯಾದ್ದರಿಂದ ಕೆಲವು ಸಣ್ಣ ಕೇಂದ್ರಗಳಲ್ಲಿ ಅದು ಇರುವುದಿಲ್ಲ. ಇದ್ದೂ ಮೂಲೆಯಲ್ಲಿ ಮುಸುಕು ಹಾಕಿಟ್ಟಿದ್ದರೆ ಅದು ಬೇರೆ ಕಥೆ.

ಇದಲ್ಲದೆ ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದನ್ನೂ ಗಮನಿಸಿ. ಎಲ್ಲಿ ತೊಂದರೆಯಾಗುತ್ತಿದೆ? ಮೊಮ್ಮಕ್ಕಳ ಮಾತಿನಲ್ಲೋ, ಫೋನಿನಲ್ಲೋ, ಸಭೆಯಲ್ಲೋ? ಎರಡು ಮೂರು ಸಂದರ್ಭಗಳನ್ನು ಬರೆದಿಟ್ಟುಕೊಂಡು, ತಿಂಗಳಾದ ಮೇಲೆ ಅವೇ ಸಂದರ್ಭಗಳ ಬಗ್ಗೆ ಮತ್ತೆ ವಿಚಾರಿಸುವವರು ಕೆಲಸ ಬಲ್ಲವರು. ಹೆದರಿಸಿ ಮಾರುವವರೂ ಇದ್ದಾರೆ: ‘ಸಾಧನ ಹಾಕದಿದ್ದರೆ ಮರೆಗುಳಿತನ ಗ್ಯಾರಂಟಿ’ ಎನ್ನುತ್ತಾರೆ. ಶ್ರವಣದೋಷಕ್ಕೂ ಮರೆವಿನ ಕಾಯಿಲೆಗೂ ನಂಟು ಕಂಡುಬಂದಿರುವುದು ನಿಜ. ಆದರೆ 2023ರಲ್ಲಿ ಪ್ರಕಟವಾದ ಅಮೆರಿಕದ ಅಚೀವ್ ಅಧ್ಯಯನದಲ್ಲಿ, 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ಗಮನಿಸಿದಾಗ, ಒಟ್ಟಾರೆ ಗುಂಪಿನಲ್ಲಿ ಸಾಧನದಿಂದ ಬುದ್ಧಿಶಕ್ತಿಯ ಕುಸಿತ ನಿಧಾನವಾದದ್ದು ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಕುಸಿತ ಶೇ 48ರಷ್ಟು ಕಡಿಮೆಯಾಗಿತ್ತು. ಇಷ್ಟನ್ನು ಇಷ್ಟೇ ಎಂದು ಹೇಳುವವರನ್ನು ನಂಬಬಹುದು.

ಹಣ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಒಂದೇ ಕಂಪನಿಯ ಒಂದೇ ಆಕಾರದ ಸಾಧನ ಮೂರು ನಾಲ್ಕು ದರ್ಜೆಗಳಲ್ಲಿ ಬರುತ್ತದೆ, ಬೆಲೆ ಒಂದಕ್ಕೆರಡು ಮೂರು ಪಟ್ಟಾಗುತ್ತದೆ. ಒಳಗಿನ ಚಿಪ್ ಹಲವು ಸಲ ಒಂದೇ. ತಂತ್ರಾಂಶದಲ್ಲಿ ತೆರೆದಿಟ್ಟ ಸೌಲಭ್ಯಗಳಷ್ಟೇ ಬೇರೆ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ಸಂಶೋಧಕರು ಸೌಮ್ಯ ಮತ್ತು ಮಧ್ಯಮ ದೋಷವಿದ್ದ ಹಿರಿಯರಿಗೆ ಕೆಳದರ್ಜೆಯ ಮತ್ತು ಮೇಲ್ದರ್ಜೆಯ ಸಾಧನಗಳನ್ನು, ಯಾವುದು ಯಾವುದೆಂದು ಹೇಳದೆ, ತಿಂಗಳಿಗೊಂದರಂತೆ ಕೊಟ್ಟು ನೋಡಿದರು. ಎರಡೂ ಉಪಯೋಗಕ್ಕೆ ಬಂದವು. ಮಾತು ತಿಳಿಯುವುದರಲ್ಲಿ ಅವುಗಳ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. 2014ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎಲ್ಲ ಸಾಧನಗಳನ್ನೂ ಸಂಶೋಧಕರೇ ಜೋಪಾನವಾಗಿ ಹೊಂದಿಸಿದ್ದರು ಎಂಬುದನ್ನು ಮರೆಯಬಾರದು. ಅಂದರೆ ದರ್ಜೆಯಲ್ಲಿ ಇಳಿಯಬಹುದು, ಹೊಂದಾಣಿಕೆಯಲ್ಲಿ ಇಳಿಯಬಾರದು. ಗದ್ದಲದ ಸಭೆಗಳಲ್ಲೇ ದಿನ ಕಳೆಯುವವರಿಗೆ ಮೇಲಿನ ದರ್ಜೆ ಸ್ವಲ್ಪ ಹಿತವೆನಿಸಬಹುದು. ಹೆಚ್ಚಾಗಿ ಮನೆಯಲ್ಲೇ ಇದ್ದು ನಾಲ್ಕು ಜನರೊಂದಿಗೆ ಮಾತಾಡುವವರಿಗೆ ಅತಿ ದುಬಾರಿಯದನ್ನು ಸೂಚಿಸಿದರೆ ಕಾರಣ ಕೇಳಿ.

ಬಿಲ್ ಹೇಗಿದೆ ನೋಡಿ. ಬಹಳ ಕಡೆ ಸಾಧನ, ಪರೀಕ್ಷೆ, ಹೊಂದಾಣಿಕೆ, ಮುಂದಿನ ವರ್ಷಗಳ ಸೇವೆ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಹೇಳುತ್ತಾರೆ. ಅದರಲ್ಲಿ ಸಾಧನದ ಪಾಲೆಷ್ಟು, ಸೇವೆಯ ಪಾಲೆಷ್ಟು ಎಂದು ಬಿಡಿಸಿ ಬರೆದುಕೊಡಲು ಕೇಳಿ. ಪ್ರಯೋಗದ ಅವಧಿ ಎಷ್ಟು ದಿನ, ಹಿಂತಿರುಗಿಸಿದರೆ ಎಷ್ಟು ಕಡಿತ, ಖಾತರಿ ಎಷ್ಟು ವರ್ಷ, ರಿಪೇರಿಗೆ ಹೋದಾಗ ಬದಲಿ ಸಾಧನ ಸಿಗುತ್ತದೆಯೇ ಎಂಬುದೂ ಕಾಗದದಲ್ಲಿರಲಿ. ಇನ್ನೊಂದು ಪ್ರಶ್ನೆಯನ್ನು ಬಹುತೇಕರು ಕೇಳುವುದೇ ಇಲ್ಲ: ಈ ಸಾಧನವನ್ನು ಬೇರೆ ಆಡಿಯಾಲಜಿಸ್ಟ್ ಕೂಡ ತೆರೆದು ಹೊಂದಿಸಬಹುದೇ? ಕೆಲವು ಮಾರಾಟ ಸರಣಿಗಳ ಸಾಧನಗಳ ತಂತ್ರಾಂಶಕ್ಕೆ ಬೀಗವಿರುತ್ತದೆ. ಊರು ಬದಲಿಸಿದರೆ ಅಥವಾ ಆ ಮಳಿಗೆ ಮುಚ್ಚಿದರೆ ಸಾಧನವಿದ್ದೂ ಇಲ್ಲದಂತೆ.

ಕಡಿಮೆ ಖರ್ಚಿನ ದಾರಿಗಳಲ್ಲಿ ನನಗೆ ತುಂಬಾ ಹಿಡಿಸುವುದು ಶ್ರವಣಶಾಸ್ತ್ರ ಕಲಿಸುವ ಸಂಸ್ಥೆಗಳ ಚಿಕಿತ್ಸಾಲಯ. ವಿದ್ಯಾರ್ಥಿಗಳು ಪರೀಕ್ಷಿಸುತ್ತಾರೆ, ಅನುಭವಿ ಅಧ್ಯಾಪಕರು ಪಕ್ಕದಲ್ಲಿ ನಿಂತಿರುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಪುಸ್ತಕದಲ್ಲಿರುವ ಯಾವ ಹಂತವನ್ನೂ ಅಲ್ಲಿ ಬಿಡುವುದಿಲ್ಲ. ಸರ್ಕಾರಿ ಆಸ್ಪತ್ರೆ, ಅಂಗವಿಕಲರ ನೆರವಿನ ಯೋಜನೆ, ವಿಮೆ, ಸೇವಾ ಸಂಸ್ಥೆಗಳನ್ನು ಆಮೇಲೆ ವಿಚಾರಿಸಬಹುದು. ಹಿಂದಿನ ತಲೆಮಾರಿನ ಮಾದರಿಗಳು ಹೊಸದು ಬಂದೊಡನೆ ಅಗ್ಗವಾಗುತ್ತವೆ, ಕೆಟ್ಟದ್ದೇನೂ ಆಗುವುದಿಲ್ಲ. ಎರಡೂ ಕಿವಿ ಮಂದವಾಗಿದ್ದು ಹಣ ಸಾಲದಿದ್ದರೆ ಒಂದು ದುಬಾರಿ ಸಾಧನಕ್ಕಿಂತ ಎರಡು ಸಾದಾ ಸಾಧನಗಳು ಸಾಮಾನ್ಯವಾಗಿ ಮೇಲು: ಧ್ವನಿ ಯಾವ ದಿಕ್ಕಿನದೆಂದು ತಿಳಿಯಲು, ಗದ್ದಲದಲ್ಲಿ ಮಾತನ್ನು ಬೇರ್ಪಡಿಸಲು ಮಿದುಳಿಗೆ ಎರಡು ಕಿವಿಯೂ ಬೇಕು.

ಆಡಿಯಾಲಜಿಸ್ಟರಿಲ್ಲದೆ ಕೊಳ್ಳುವ ದಾರಿಯೂ ಈಗ ತೆರೆದಿದೆ. ಅಮೆರಿಕದಲ್ಲಿ 2022ರ ಅಕ್ಟೋಬರ್‌ನಿಂದ ಸೌಮ್ಯ ಅಥವಾ ಮಧ್ಯಮ ದೋಷವಿದೆ ಎಂದು ಭಾವಿಸುವ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದಲೇ ಸಾಧನ ಕೊಳ್ಳಬಹುದು. 2024ರಲ್ಲಿ ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ ಇಯರ್‌ಬಡ್‌ಗೆ ಸೇರಿಸಿದ ಶ್ರವಣ ತಂತ್ರಾಂಶಕ್ಕೂ ಅಲ್ಲಿ ಅನುಮತಿ ಸಿಕ್ಕಿತು. ಇಂಡಿಯಾನಾ ವಿಶ್ವವಿದ್ಯಾಲಯದ 2017ರ ಪ್ರಯೋಗವೊಂದರಲ್ಲಿ ತಾವೇ ಆರಿಸಿಕೊಂಡವರಿಗೂ ಪ್ರಯೋಜನವಾಯಿತು, ಆದರೆ ಆಡಿಯಾಲಜಿಸ್ಟ್ ಹೊಂದಿಸಿಕೊಟ್ಟವರಷ್ಟು ತೃಪ್ತಿ ಇರಲಿಲ್ಲ. ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಪ್ರಯೋಜನವೂ ಕಾಣಲಿಲ್ಲ. ತಮಾಷೆಯೆಂದರೆ, ಧ್ವನಿಯನ್ನು ಏರಿಸದೆ ಹಾಗೆಯೇ ಒಳಬಿಡುವ ಸಾಧನ ಕೊಟ್ಟಿದ್ದ ಗುಂಪಿನಲ್ಲೂ ಸುಮಾರು ಮೂರನೇ ಒಂದು ಭಾಗದ ಜನ ಅದನ್ನೇ ಇಟ್ಟುಕೊಳ್ಳಲು ಬಯಸಿದ್ದರು! ‘ಹಾಕಿಕೊಂಡ ಕೂಡಲೇ ಚೆನ್ನಾಗಿದೆ ಎನಿಸಿತು’ ಎಂಬುದಕ್ಕಿಂತ ಅಳತೆಯನ್ನು ನಂಬಬೇಕೆನ್ನುವುದು ಇದಕ್ಕಾಗಿ. ದೋಷ ತೀವ್ರವಾಗಿದ್ದರೆ ಅಥವಾ ಮಕ್ಕಳಿಗಾದರೆ ಈ ದಾರಿ ಸಲ್ಲದು. ಮಕ್ಕಳ ವಿಷಯದಲ್ಲಿ ತಡವೇ ಶತ್ರು: ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಸಾಧನ ಅಥವಾ ಚಿಕಿತ್ಸೆ ಎಂಬುದು ತಜ್ಞರು ಒಪ್ಪಿರುವ ಗಡುವು. ಇನ್ನು ಅಂತರ್ಜಾಲದಲ್ಲಿ ಸಿಗುವ, ಎಲ್ಲ ಸದ್ದನ್ನೂ ಒಂದೇ ಸಮ ಏರಿಸುವ ಅಗ್ಗದ ಧ್ವನಿವರ್ಧಕಗಳನ್ನು ಶ್ರವಣ ಸಾಧನವೆಂದು ಕರೆಯುವುದೇ ತಪ್ಪು.

ಮೊದಲ ವಾರಗಳು

ಹೊಸ ಸಾಧನ ಹಾಕಿದಾಗ ಕಾಗದದ ಸರಬರ, ಪಾತ್ರೆಯ ಸದ್ದು, ತನ್ನದೇ ಹೆಜ್ಜೆ ಎಲ್ಲವೂ ಕಿರಿಕಿರಿಯಾಗುತ್ತದೆ. ವರ್ಷಗಳಿಂದ ಮಿದುಳು ಮರೆತ ಸದ್ದುಗಳು ಅವು. ದಿನವೂ ಹಾಕಿಕೊಂಡರೆ ಕೆಲವು ವಾರಗಳಲ್ಲಿ ಹಿಂದೆ ಸರಿಯುತ್ತವೆ. ತನ್ನ ದನಿ ಬಿಂದಿಗೆಯೊಳಗಿಂದ ಬಂದಂತೆ ಕೇಳಿಸಿದರೆ ಮಾತ್ರ ಸಹಿಸಿಕೊಂಡು ಕೂರಬೇಡಿ. ಕಿವಿಯನ್ನು ಅತಿಯಾಗಿ ಮುಚ್ಚಿದ್ದರಿಂದ ಆಗುವ ತೊಂದರೆ ಅದು. ತೆರಪಿರುವ ತುದಿ ಹಾಕಿಯೋ ಕಿವಿಯಲ್ಲಿ ಕೂರುವ ಅಚ್ಚಿನಲ್ಲಿ ಗಾಳಿರಂಧ್ರ ದೊಡ್ಡದು ಮಾಡಿಯೋ ಸರಿಪಡಿಸಬಹುದು. ಸಿಳ್ಳೆ ಬರುತ್ತಿದ್ದರೆ, ಯಾವುದಾದರೂ ಸದ್ದು ಚುಚ್ಚುತ್ತಿದ್ದರೆ, ಯಾವಾಗ ಎಲ್ಲಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಸರಿಯಿಲ್ಲ’ ಎಂಬ ಒಂದೇ ಮಾತಿನಿಂದ ಆಡಿಯಾಲಜಿಸ್ಟರಿಗೆ ಏನೂ ಗೊತ್ತಾಗುವುದಿಲ್ಲ. ‘ಸಾಧನ ಹಾಕಿದಾಗ ನಲ್ಲಿಯ ನೀರಿನ ಸದ್ದು ಮಾತಿಗಿಂತ ಜೋರು’ ಎಂದರೆ ಯಾವ ಆವರ್ತನವನ್ನು ಇಳಿಸಬೇಕೆಂದು ಹೊಳೆಯುತ್ತದೆ. ಮೊದಲ ಎರಡು ಮೂರು ತಿಂಗಳಲ್ಲಿ ಇಂತಹ ಒಂದೆರಡು ಭೇಟಿಗಳು ಬೆಲೆಯಲ್ಲೇ ಸೇರಿವೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬಿಸಾಡುವ ಬ್ಯಾಟರಿಯ ಸಾಧನವಾದರೆ ಬ್ಯಾಟರಿಗೆ ಅಂಟಿರುವ ಬಣ್ಣದ ಚೀಟಿ ಕಿತ್ತ ಮೇಲೆ ಅದನ್ನು ಒಂದೆರಡು ನಿಮಿಷ ಹೊರಗಿಟ್ಟು ಆಮೇಲೆ ಹಾಕಿ. ಗಾಳಿ ಸೇರಿದ ಮೇಲೆಯೇ ಅದು ಪೂರ್ತಿ ಶಕ್ತಿ ಕೊಡುವುದು. ರಾತ್ರಿ ಒಣಗಿಸುವ ಡಬ್ಬಿಯಲ್ಲಿಡಿ, ಬೆವರು ಸಾಧನಕ್ಕೆ ಆಗಿಬರುವುದಿಲ್ಲ. ಒಂದು ದಿನ ಸಾಧನ ಸದ್ದಿಲ್ಲದೆ ನಿಂತುಬಿಟ್ಟರೆ ರಿಪೇರಿಗೆ ಒಯ್ಯುವ ಮುನ್ನ ಕಿವಿಯೊಳಗೆ ಹೋಗುವ ತುದಿಯಲ್ಲಿರುವ ಸಣ್ಣ ಬಿಳಿ ಜಾಲರಿಯನ್ನು ನೋಡಿ. ಅದರಲ್ಲಿ ಗುಗ್ಗೆ ಕಟ್ಟಿರುವುದೇ ಹೆಚ್ಚು. ಬದಲಿ ಜಾಲರಿಗಳ ಪೊಟ್ಟಣ ಸಾಧನದ ಜೊತೆಯಲ್ಲೇ ಬಂದಿರುತ್ತದೆ, ಹಾಕುವುದನ್ನು ಮೊದಲ ದಿನವೇ ಅವರ ಎದುರು ಒಮ್ಮೆ ಮಾಡಿ ಕಲಿತುಕೊಳ್ಳಿ.